ಇಂದೋರಿನ ಗುಂಡಿ, ಬೆಂಗಳೂರಿನ ಗುಂಡಿ

ಹಿತ್ತಲಲ್ಲೋ ತಾರಸಿಯ ಮೇಲೋ ನಾಲ್ಕಾರು ಕುಂಡಗಳನ್ನಿಟ್ಟುಕೊಂಡು ಸೊಪ್ಪು, ಬದನೆ, ಹಸಿಮೆಣಸು ಬೆಳೆಯುವವರು ನೀವಾಗಿದ್ದರೆ ಈ ಅನುಭವ ನಿಮಗೆ ಹೊಸದಲ್ಲ. ತರಕಾರಿ ಸಿಪ್ಪೆ, ತರಗೆಲೆ, ಒಂದಿಷ್ಟು ಮಣ್ಣು, ಹುಳಿಮಜ್ಜಿಗೆ ಎಲ್ಲವನ್ನೂ ಒಂದು ಡಬ್ಬಿಗೆ ತುಂಬುತ್ತೀರಿ. ಮೂರು ತಿಂಗಳು ಕಾಯುತ್ತೀರಿ. ಕಪ್ಪಗೆ ಉದುರುದುರಾದ ಗೊಬ್ಬರವನ್ನು ಕೊತ್ತಂಬರಿ ಮಡಿಗೆ ಹಾಕುತ್ತೀರಿ. ವಾರ ಕಳೆಯುವಷ್ಟರಲ್ಲಿ ಕೊತ್ತಂಬರಿಗಿಂತ ಮೊದಲೇ ಟೊಮೆಟೊ ಸಸಿಗಳು ಗುಂಪುಗುಂಪಾಗಿ ಏಳುತ್ತವೆ, ನಡುವೆ ಎಲ್ಲಿಂದಲೋ ಒಂದು ಕುಂಬಳದ ಬಳ್ಳಿ. ಬಿತ್ತದೆ ಬಂದ ಬೆಳೆ ಎಂದು ಸಂತೋಷಪಡಲು ಅಡ್ಡಿಯಿಲ್ಲ. ಆದರೆ ಆ ಸಸಿಗಳು ಉಷ್ಣತಾಮಾಪಕದ ಕೆಲಸವನ್ನೂ ಮಾಡುತ್ತಿವೆ ಎಂಬುದನ್ನು ಗಮನಿಸಿ. ತೇವದಲ್ಲಿ 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕೆಲವು ದಿನ ಸಿಕ್ಕಿದ ಟೊಮೆಟೊ ಬೀಜ ಮತ್ತೆ ಮೊಳೆಯುವುದಿಲ್ಲ. ಮೊಳೆತಿದೆ ಎಂದರೆ ನಿಮ್ಮ ಡಬ್ಬಿ ಬಿಸಿಯೇ ಆಗಲಿಲ್ಲ ಎಂದರ್ಥ.

ಬಿಸಿ ಏಕಾಗಬೇಕು? ಆಗದಿದ್ದರೆ ಏನು ನಷ್ಟ? ಈ ಪ್ರಶ್ನೆಗಳ ಹಿಂದೆ ನೂರು ವರ್ಷಗಳ ಒಂದು ಚರಿತ್ರೆ ಇದೆ. ಅದರ ಎರಡು ಮುಖ್ಯ ಅಧ್ಯಾಯಗಳು ನಡೆದದ್ದು ಭಾರತದಲ್ಲಿ. ಕಾಂಪೋಸ್ಟ್ ಕುರಿತ ಯಾವುದೇ ದೇಶದ ಪಠ್ಯಪುಸ್ತಕ ತೆರೆದರೂ ‘ಇಂದೋರ್ ವಿಧಾನ’, ‘ಬೆಂಗಳೂರು ವಿಧಾನ’ ಎಂಬ ಎರಡು ಹೆಸರುಗಳು ಅಕ್ಕಪಕ್ಕದಲ್ಲಿ ಸಿಗುತ್ತವೆ. ಆಫ್ರಿಕದ, ಚೀನದ ಕೃಷಿ ವಿದ್ಯಾರ್ಥಿಗಳು ಇವನ್ನು ಓದುತ್ತಾರೆ. ಬೆಂಗಳೂರಿನವರಿಗೆ ಮಾತ್ರ ‘ಬೆಂಗಳೂರಿನ ಗುಂಡಿ’ ಎಂದರೆ ರಸ್ತೆಯ ಗುಂಡಿಯೇ ನೆನಪಾಗುತ್ತದೆ! ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಗೊಬ್ಬರಕ್ಕೂ ಸಲ್ಲುತ್ತದೆ.

ತಿಪ್ಪೆ ಮತ್ತು ಬೆರಣಿ

ತಿಪ್ಪೆ ನಮಗೆ ಹೊಸದೇನಲ್ಲ. ಸಗಣಿ, ಕೊಟ್ಟಿಗೆಯ ಕಸ, ಒಲೆಯ ಬೂದಿ, ದನ ತಿಂದು ಬಿಟ್ಟ ಹುಲ್ಲು ಎಲ್ಲವೂ ಮನೆಯ ಹಿಂದಿನ ತಿಪ್ಪೆಗೆ. ಮಲೆನಾಡಿನ ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟದಿಂದ ಹಸಿಸೊಪ್ಪು, ತರಗೆಲೆ ತಂದು ಕೊಟ್ಟಿಗೆಯಲ್ಲಿ ಹಾಸಿ, ದನ ತುಳಿದ ಮೇಲೆ ತೋಟಕ್ಕೆ ಒಯ್ಯುತ್ತಿದ್ದರು. ದೀಪಾವಳಿಯ ಸಮಯದಲ್ಲಿ ತಿಪ್ಪೆಯ ಮೇಲೆ ದೀಪ ಹಚ್ಚಿಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ.

ಆದರೆ ತಿಪ್ಪೆಗೆ ಎರಡು ಶತ್ರುಗಳು. ಮೊದಲನೆಯದು ಮಳೆ ಮತ್ತು ಬಿಸಿಲು. ತೆರೆದ ರಾಶಿಯಲ್ಲಿ ನೀರಿನಲ್ಲಿ ಕರಗುವ ಪೋಷಕಾಂಶಗಳು ಮಳೆಗೆ ತೊಳೆದುಹೋಗುತ್ತವೆ; ನೈಟ್ರೋಜನ್ನಿನ ಒಂದು ಪಾಲು ಅಮೋನಿಯ ಅನಿಲವಾಗಿ ಹಾರಿಹೋಗುತ್ತದೆ. ತಿಪ್ಪೆಯ ಬಳಿ ಮೂಗಿಗೆ ಬಡಿಯುವ ಆ ಘಾಟು ಗದ್ದೆಗೆ ಸೇರಬೇಕಾಗಿದ್ದ ಗೊಬ್ಬರ. ಎರಡನೆಯ ಶತ್ರು ಒಲೆ. ಸೌದೆ ಸಿಗದ ಬಯಲುಸೀಮೆಯಲ್ಲಿ ಸಗಣಿ ಬೆರಣಿಯಾಗುತ್ತದೆ. ಭಾರತದ ಬೇಸಾಯವನ್ನು ಪರಿಶೀಲಿಸಲು 1889ರಲ್ಲಿ ಇಂಗ್ಲೆಂಡಿನಿಂದ ಬಂದ ರಸಾಯನವಿಜ್ಞಾನಿ ಜಾನ್ ಆಗಸ್ಟಸ್ ವೋಲ್ಕರ್ 1893ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ಇದನ್ನೇ ಒತ್ತಿ ಹೇಳಿದರು: ರೈತನಿಗೆ ಗೊಬ್ಬರದ ಬೆಲೆ ಗೊತ್ತಿಲ್ಲದೆ ಏನಲ್ಲ, ಉರುವಲಿಗೆ ಬೇರೆ ದಾರಿಯಿಲ್ಲ. ಅಧಿಕಾರಿಗಳ ವರದಿಗಳಲ್ಲಿ ರೈತನನ್ನು ಹಳಿಯುವುದೇ ಸಾಮಾನ್ಯವಾಗಿದ್ದ ಕಾಲದಲ್ಲಿ ಈ ಮಾತು ಬಂದಿತೆಂಬುದು ಗಮನಾರ್ಹ.

ಹೀಗಾಗಿ ಪ್ರಶ್ನೆ ಸ್ಪಷ್ಟವಿತ್ತು. ಸಗಣಿ ಸಾಲದಿದ್ದರೆ, ಇರುವ ಸ್ವಲ್ಪ ಸಗಣಿಯಿಂದ ಹೆಚ್ಚು ಗೊಬ್ಬರ ಮಾಡುವುದು ಹೇಗೆ?

1909: ಎರಡು ದಾರಿಗಳು

ಈ ಪ್ರಶ್ನೆಗೆ ಎರಡು ಉತ್ತರಗಳು ಒಂದೇ ವರ್ಷ ರೂಪುಗೊಂಡದ್ದು ವಿಜ್ಞಾನದ ಚರಿತ್ರೆಯ ಒಂದು ಸ್ವಾರಸ್ಯ. 1909ರ ಜುಲೈಯಲ್ಲಿ ಜರ್ಮನಿಯ ಕಾರ್ಲ್ಸ್‌ರೂಹ್‌ನಲ್ಲಿ ಫ್ರಿಟ್ಸ್ ಹೇಬರ್ ಗಾಳಿಯ ನೈಟ್ರೋಜನ್ ಮತ್ತು ಹೈಡ್ರೋಜನ್ನನ್ನು ಅಧಿಕ ಒತ್ತಡದಲ್ಲಿ ಕೂಡಿಸಿ ಅಮೋನಿಯವನ್ನು ಹನಿಹನಿಯಾಗಿ ಇಳಿಸಿ ತೋರಿಸಿದರು. 1913ರಲ್ಲಿ ಒಪ್ಪಾವ್ ಎಂಬಲ್ಲಿ ಕಾರ್ಖಾನೆಯೇ ಎದ್ದಿತು. ಇಂದಿನ ಯೂರಿಯ ಚೀಲದ ಮೂಲ ಅದು.

ಅದೇ 1909ರಲ್ಲಿ ಅಮೆರಿಕದ ಫ್ರಾಂಕ್ಲಿನ್ ಹೈರಾಮ್ ಕಿಂಗ್ ಚೀನ, ಕೊರಿಯ, ಜಪಾನ್‌ಗಳಲ್ಲಿ ಗದ್ದೆಯಿಂದ ಗದ್ದೆಗೆ ಓಡಾಡುತ್ತಿದ್ದರು. ಕಿಂಗ್ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಕೃಷಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. ಮಣ್ಣಿನ ಕಣಗಳ ನಡುವೆ ನೀರು ಹೇಗೆ ಏರುತ್ತದೆ, ಗಾಳಿ ಹೇಗೆ ಸುಳಿಯುತ್ತದೆ ಎಂಬುದೇ ಅವರ ಅಧ್ಯಯನ. ಭೌತವಿಜ್ಞಾನ ಬೋಧಿಸುವ ನನಗೆ ಅವರ ಮೇಲೆ ಸ್ವಲ್ಪ ಹೆಚ್ಚು ಅಭಿಮಾನವಿದ್ದರೆ ನೀವು ಕ್ಷಮಿಸಬೇಕು. ನಾಲ್ಕು ಸಾವಿರ ವರ್ಷ ಉತ್ತ ನೆಲ ಇನ್ನೂ ಬಂಜರಾಗದೆ ಉಳಿದದ್ದು ಹೇಗೆ ಎಂಬುದು ಅವರ ಕುತೂಹಲ. ಅವರು ಕಂಡದ್ದು: ಅಲ್ಲಿ ಕಸವೆಂಬುದೇ ಇಲ್ಲ. ಕಾಲುವೆಯ ಹೂಳು, ಬೂದಿ, ಹುಲ್ಲು, ಮನುಷ್ಯರ ಮಲ ಎಲ್ಲವೂ ಮತ್ತೆ ಹೊಲಕ್ಕೆ. ಅವರು ದಾಖಲಿಸಿದ ಒಂದು ಲೆಕ್ಕ ನೋಡಿ. 1908ರಲ್ಲಿ ಶಾಂಘಾಯಿಯ ವಿದೇಶಿ ವಸತಿ ಪ್ರದೇಶದ ಮಲವನ್ನು ಒಯ್ಯುವ ಹಕ್ಕಿಗಾಗಿ ಒಬ್ಬ ಚೀನೀ ಗುತ್ತಿಗೆದಾರ ಆಡಳಿತಕ್ಕೆ 31,000 ಡಾಲರಿಗೂ ಹೆಚ್ಚು ಹಣ ಕೊಟ್ಟಿದ್ದ. ಒಯ್ದದ್ದು 78,000 ಟನ್. ನಮ್ಮ ನಗರಗಳು ಕಸ ಒಯ್ಯುವವರಿಗೆ ತಾವೇ ಹಣ ಕೊಡುತ್ತವೆ; ಅಲ್ಲಿ ಒಯ್ಯುವವನೇ ಕೊಡುತ್ತಿದ್ದ!

ಪುಸ್ತಕ ಮುಗಿಸುವ ಮೊದಲೇ 1911ರಲ್ಲಿ ಕಿಂಗ್ ತೀರಿಕೊಂಡರು. ಪತ್ನಿ ಕ್ಯಾರಿ ಕಿಂಗ್ ಅದನ್ನು ಅದೇ ವರ್ಷ ಪ್ರಕಟಿಸಿದರು. ಆ ಪುಸ್ತಕವನ್ನು ಬಿಡದೆ ಹೊಗಳುತ್ತಿದ್ದ ಓದುಗರೊಬ್ಬರು ಆಗ ಬಿಹಾರದ ಪೂಸಾದಲ್ಲಿದ್ದರು.

ಹೊವಾರ್ಡ್ ದಂಪತಿ ಮತ್ತು ಯಶವಂತ ವಾಡ್

ಆಲ್ಬರ್ಟ್ ಹೊವಾರ್ಡ್ 1905ರಲ್ಲಿ ಪೂಸಾದ ಕೃಷಿ ಸಂಶೋಧನಾಲಯಕ್ಕೆ ಸಸ್ಯವಿಜ್ಞಾನಿಯಾಗಿ ಬಂದರು. ಮೂಲತಃ ಶಿಲೀಂಧ್ರ ತಜ್ಞರು. ಅದೇ ವರ್ಷ ಅವರನ್ನು ಮದುವೆಯಾದ ಗೇಬ್ರಿಯೆಲ್ ಮತ್ತಾಯ್ ಸಹ ವಿಜ್ಞಾನಿಯೇ. ಉಷ್ಣತೆ ಬದಲಾದಂತೆ ಎಲೆಯ ದ್ಯುತಿಸಂಶ್ಲೇಷಣೆ ಹೇಗೆ ಬದಲಾಗುತ್ತದೆ ಎಂಬ ಬಗ್ಗೆ ಕೇಂಬ್ರಿಜ್‌ನಲ್ಲಿ ಅವರು ನಡೆಸಿದ ಪ್ರಯೋಗಗಳು ಇಂದಿಗೂ ಉಲ್ಲೇಖಾರ್ಹ. ಪೂಸಾದ ಗೋಧಿ ತಳಿಗಳು ಇಬ್ಬರ ಒಟ್ಟು ದುಡಿಮೆಯ ಫಲ. 1913ರಲ್ಲಿ ಸರ್ಕಾರ ಆಕೆಗೂ ಅಧಿಕೃತ ಹುದ್ದೆ ಕೊಟ್ಟಿತು. ಆದರೂ ಕಾಂಪೋಸ್ಟ್ ಚರಿತ್ರೆ ಬರೆಯುವವರು ಹೊವಾರ್ಡ್ ಎಂದಾಗ ಒಬ್ಬರನ್ನೇ ನೆನೆಯುತ್ತಾರೆ.

ಪೂಸಾದ ಸುತ್ತಲ ಹಳ್ಳಿಗಳಲ್ಲಿ ಯಾವ ಔಷಧಿಯನ್ನೂ ಸಿಂಪಡಿಸದೆ ಬೆಳೆಗಳು ಆರೋಗ್ಯವಾಗಿರುವುದನ್ನು ಹೊವಾರ್ಡ್ ಕಂಡರು. ರೈತರೂ ಕೀಟಗಳೂ ತನ್ನ ಗುರುಗಳೆಂದು ಅವರು ಮುಂದೆ ಹೇಳಿಕೊಂಡರು. ರೋಗವೆಂಬುದು ಸೊರಗಿದ ಮಣ್ಣಿನ ಸೂಚನೆ ಎಂಬ ನಂಬಿಕೆ ಅವರಲ್ಲಿ ಬೇರೂರಿತು. ಆದರೆ ಸಂಶೋಧನಾಲಯದ ವ್ಯವಸ್ಥೆಯಲ್ಲಿ ಮಣ್ಣಿಗೊಬ್ಬ, ಬೆಳೆಗೊಬ್ಬ, ಕೀಟಕ್ಕೊಬ್ಬ ತಜ್ಞ; ಎಲ್ಲವನ್ನೂ ಒಟ್ಟಾಗಿ ನೋಡಲು ಜಾಗವಿರಲಿಲ್ಲ. 1924ರಲ್ಲಿ ಅವರು ಇಂದೋರಿಗೆ ಹೋಗಿ, ಹೋಳ್ಕರ್ ಸಂಸ್ಥಾನ ಕೊಟ್ಟ ಸುಮಾರು 300 ಎಕರೆ ಜಮೀನಿನಲ್ಲಿ ಹೊಸ ಸಂಸ್ಥೆ ಕಟ್ಟಿದರು. ಹತ್ತಿಯ ಸಂಶೋಧನೆ ಅದರ ಉದ್ದೇಶ. ಕಾಂಪೋಸ್ಟ್ ಅಲ್ಲಿ ಹುಟ್ಟಿದ ಪಕ್ಕದ ಕೂಸು.

ಅಲ್ಲಿ ರಸಾಯನವಿಜ್ಞಾನದ ಕೆಲಸ ನೋಡಿಕೊಂಡವರು ಯಶವಂತ ವಾಡ್. ಕೃಷಿಯ ತ್ಯಾಜ್ಯಗಳಿಂದ ಹ್ಯೂಮಸ್ ಮಾಡುವುದನ್ನು ವಿವರಿಸುವ 1931ರ ಪುಸ್ತಕದ ಮೇಲೆ ಇಬ್ಬರ ಹೆಸರೂ ಇದೆ: ಹೊವಾರ್ಡ್ ಮತ್ತು ವಾಡ್. ಗೇಬ್ರಿಯೆಲ್ ಅದನ್ನು ನೋಡಲಿಲ್ಲ, 1930ರಲ್ಲಿ ತೀರಿಕೊಂಡಿದ್ದರು. ಮುಂದೆ ಹೊವಾರ್ಡ್‌ಗೆ ‘ಸರ್’ ಪದವಿ ಬಂದಿತು, ಸಾವಯವ ಕೃಷಿಯ ಪಿತಾಮಹ ಎಂಬ ಕೀರ್ತಿ ಬಂದಿತು. ವಾಡ್ ಅವರ ಹೆಸರು ಅಡಿಟಿಪ್ಪಣಿಗಳಿಗೆ ಇಳಿಯಿತು. ಗುಂಡಿಯಲ್ಲಿ ಎಷ್ಟು ನೈಟ್ರೋಜನ್ ಉಳಿಯಿತು, ಎಷ್ಟು ಹೋಯಿತು ಎಂದು ಅಳೆಯದಿದ್ದರೆ ಇಂದೋರ್ ವಿಧಾನ ಮತ್ತೊಂದು ತಿಪ್ಪೆಯಾಗಿಯೇ ಉಳಿಯುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ವಿಧಾನವೇನೋ ಸರಳ. ಸುಮಾರು 15 ಸೆಂ.ಮೀ. ಎತ್ತರಕ್ಕೆ ಬಗೆಬಗೆಯ ಸಸ್ಯತ್ಯಾಜ್ಯ, ಅದರ ಮೇಲೆ 5 ಸೆಂ.ಮೀ. ಸಗಣಿ, ಮೇಲಷ್ಟು ಗಂಜಲ ಹೀರಿದ ಮಣ್ಣು ಮತ್ತು ಬೂದಿ. ಮತ್ತೆ ಇದೇ ಕ್ರಮ. ಗುಂಡಿ ತುಂಬಿದ ಮೇಲೆ ನೀರು ಚಿಮುಕಿಸಿ, ಮೊದಲ ಐದು ವಾರಗಳಲ್ಲಿ ಎರಡು ಬಾರಿ ಮಗುಚಬೇಕು. ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಗಂಜಲದ ಮಣ್ಣು ಏಕೆ ಎಂದರೆ, ಒಣಹುಲ್ಲಿನಲ್ಲಿ ಕಾರ್ಬನ್ ಹೇರಳ, ನೈಟ್ರೋಜನ್ ಅಲ್ಪ. ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಮೈಕಟ್ಟಲು ನೈಟ್ರೋಜನ್ ಕೇಳುತ್ತವೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಹಚಿನ್‌ಸನ್ ಮತ್ತು ರಿಚರ್ಡ್ಸ್ 1921ರಲ್ಲಿ ಹುಲ್ಲಿಗೆ ಅಮೋನಿಯಂ ಲವಣ ಸೇರಿಸಿ ಕೃತಕ ಕೊಟ್ಟಿಗೆ ಗೊಬ್ಬರ ತಯಾರಿಸಿ ಇದನ್ನು ತೋರಿಸಿದ್ದರು. ಲವಣ ಕೊಳ್ಳಲಾಗದ ರೈತನಿಗೆ ಇಂದೋರಿನವರು ಸೂಚಿಸಿದ್ದು ಪ್ರತಿ ಕೊಟ್ಟಿಗೆಯಲ್ಲೂ ಸುಮ್ಮನೆ ಇಂಗಿಹೋಗುತ್ತಿದ್ದ ಗಂಜಲ. ಕಾರ್ಬನ್ನಿನ ಸುಮಾರು 33 ಪಾಲಿಗೆ ನೈಟ್ರೋಜನ್ 1 ಪಾಲು ಇದ್ದರೆ ಕೊಳೆಯುವಿಕೆ ಚೆನ್ನಾಗಿ ಆರಂಭವಾಗುತ್ತದೆಂದು ಅವರು ಕಂಡುಕೊಂಡರು.

ಗುಂಡಿಯ ಅಳತೆಯಲ್ಲಿ ಅಡಗಿದ ಭೌತವಿಜ್ಞಾನ

ಈಗ ನಿಮ್ಮ ಟೊಮೆಟೊ ಸಸಿಗಳ ವಿಚಾರಕ್ಕೆ ಬರೋಣ. ಇಂದೋರಿನ ಗುಂಡಿಯ ಉಷ್ಣತೆ ಆರಂಭದಲ್ಲಿ ಸುಮಾರು 65 ಡಿಗ್ರಿಗೆ ಏರಿ, ನಿಧಾನವಾಗಿ ಇಳಿದು, 90 ದಿನಗಳ ಕೊನೆಗೆ 30 ಡಿಗ್ರಿಗೆ ಬರುತ್ತಿತ್ತು. ಈ ಶಾಖ ಎಲ್ಲಿಯದು? ಸೂಕ್ಷ್ಮಜೀವಿಗಳ ಉಸಿರಾಟದ್ದು. ಒಂದು ಚಿಕ್ಕ ಲೆಕ್ಕ ಮಾಡಿ. ಒಂದು ಕಿಲೊಗ್ರಾಮ್ ಒದ್ದೆ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಅದನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 100 ಕಿಲೊಜೂಲ್ ಶಾಖ ಸಾಕು. 1 ಗ್ರಾಮ್ ಗ್ಲೂಕೋಸ್ ಪೂರ್ಣವಾಗಿ ಉತ್ಕರ್ಷಿಸಿದರೆ ಸುಮಾರು 16 ಕಿಲೊಜೂಲ್ ಬಿಡುಗಡೆಯಾಗುತ್ತದೆ. ಅಂದರೆ ಒಂದು ಕಿಲೊ ಕಸದಲ್ಲಿ ಆರೇಳು ಗ್ರಾಮ್ ಸಕ್ಕರೆಯಷ್ಟು ವಸ್ತು ‘ಉರಿದರೆ’ ಸಾಕು! ಬಾಳೆಹಣ್ಣಿನ ಸಿಪ್ಪೆ, ಅನ್ನ, ಹಣ್ಣಿನ ತಿರುಳು ಇರುವ ಅಡುಗೆಮನೆಯ ಕಸದಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚಿದೆ. ಹಾಗಿದ್ದರೆ ನಿಮ್ಮ ಡಬ್ಬಿ ಏಕೆ ಬಿಸಿಯಾಗಲಿಲ್ಲ?

ಶಾಖ ಹುಟ್ಟುವುದು ರಾಶಿಯ ಇಡೀ ಘನಗಾತ್ರದಲ್ಲಿ. ಅದು ಸೋರಿಹೋಗುವುದು ಮೇಲ್ಮೈಯಿಂದ. ಬದಿಗೆ 1 ಮೀಟರ್ ಇರುವ ಘನಾಕೃತಿಯ ರಾಶಿಗೆ 1 ಘನ ಮೀಟರ್ ಗಾತ್ರ, 6 ಚದರ ಮೀಟರ್ ಮೇಲ್ಮೈ. ಬದಿಗೆ 30 ಸೆಂ.ಮೀ. ಇರುವ ಡಬ್ಬಿಯಲ್ಲಿ ಪ್ರತಿ ಘನ ಮೀಟರಿಗೆ ಲೆಕ್ಕ ಹಾಕಿದರೆ ಮೇಲ್ಮೈ 20 ಚದರ ಮೀಟರ್. ಮೂರುಪಟ್ಟಿಗೂ ಹೆಚ್ಚು. ಪುಟ್ಟ ಲೋಟದ ಕಾಫಿ ಬೇಗ ಆರುತ್ತದೆ, ಹಂಡೆಯ ನೀರು ಬೆಳಗಿನ ತನಕ ಬೆಚ್ಚಗಿರುತ್ತದೆ ತಾನೆ? ಕಾರಣ ಅದೇ. ಜೊತೆಗೆ, ನೀವು ದಿನಕ್ಕೊಂದು ಹಿಡಿಯಂತೆ ಕಸ ಹಾಕುವುದರಿಂದ ಎಲ್ಲವೂ ಒಮ್ಮೆಗೇ ಹೊತ್ತಿಕೊಳ್ಳುವುದಿಲ್ಲ.

ಹಾಗೆಂದು ರಾಶಿಯನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಬಹುದೆ? ಅದೂ ಆಗದು. ಉಸಿರಾಟಕ್ಕೆ ಆಕ್ಸಿಜನ್ ಬೇಕು, ಅದು ಹೊರಗಿನಿಂದ ಒಳಕ್ಕೆ ನುಸುಳಬೇಕು. ಹೊವಾರ್ಡ್ 1940ರ ತಮ್ಮ ಪುಸ್ತಕದಲ್ಲಿ ಕೊಟ್ಟಿರುವ ಅಳತೆ 30 ಅಡಿ ಉದ್ದ, 14 ಅಡಿ ಅಗಲ, 3 ಅಡಿ ಆಳ. ಇದರಲ್ಲಿ ಆಳವೇ ಮುಖ್ಯ ಎನ್ನುತ್ತಾರೆ. ಗಾಳಿ ತಾನಾಗಿ ಒಳಗಿಳಿಯುವುದು ಒಂದೂವರೆಯಿಂದ ಎರಡು ಅಡಿ ಮಾತ್ರ; ಆದ್ದರಿಂದ ಪ್ರತಿ 4 ಅಡಿಗೊಂದರಂತೆ ಹಾರೆಯಿಂದ ನೇರ ರಂಧ್ರ ಮಾಡಬೇಕು. ಹೀಗೆ ಶಾಖ ‘ದೊಡ್ಡದಾಗು’ ಎನ್ನುತ್ತದೆ, ಗಾಳಿ ‘ತೆಳ್ಳಗಿರು’ ಎನ್ನುತ್ತದೆ. ಈ ಎರಡರ ನಡುವಿನ ರಾಜಿಯೇ ಆ ಚಪ್ಪಟೆಯಾದ, ವಿಶಾಲವಾದ ಗುಂಡಿ. ಹೆಚ್ಚುಕಡಿಮೆ 30 ಘನ ಮೀಟರ್ ಗಾತ್ರದ ಆ ಗುಂಡಿಯ ಪಾಕವನ್ನು ಯಥಾವತ್ತಾಗಿ ಪಾಲಿಸಿ 27 ಲೀಟರಿನ ಡಬ್ಬಿಯಲ್ಲಿ ಇಂದೋರ್ ಗೊಬ್ಬರ ಮಾಡಿ ಎಂದು ಸಲಹೆ ಕೊಡುವ ಕೈಪಿಡಿಗಳಿವೆ. ಅವು ಅಳತೆಯ ಮಾತನ್ನೇ ಮರೆತಿರುತ್ತವೆ.

ಬೆಂಗಳೂರಿನಲ್ಲಿ

ಇಂದೋರ್ ಗುಂಡಿಗೆ ದನವಿರಬೇಕು, ಹೊಲವಿರಬೇಕು, ಮಗುಚಲು ಆಳುಗಳಿರಬೇಕು. ಸಂಶೋಧನಾಲಯದಲ್ಲಿ ಕೂಲಿಯವರಿದ್ದರು, ಎರಡೆಕರೆಯ ರೈತನಿಗೆ ಟನ್ನುಗಟ್ಟಲೆ ಒದ್ದೆ ಗೊಬ್ಬರವನ್ನು ಎರಡೆರಡು ಸಲ ಮಗುಚುವುದು ಸುಲಭವಲ್ಲ. ಪಟ್ಟಣದ ಸಮಸ್ಯೆಯಂತೂ ಬೇರೆಯೇ. ಅಲ್ಲಿ ಬೀದಿ ಕಸ ಮತ್ತು ಒಣ ಕಕ್ಕಸುಗಳ ಮಲ ಇವೆರಡನ್ನೂ ಏನು ಮಾಡುವುದು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕೆಲಸಕ್ಕೆ ಹಿನ್ನೆಲೆ ಮೊದಲೇ ಸಿದ್ಧವಾಗಿತ್ತು. 1916ರಲ್ಲಿ ಅಲ್ಲಿಗೆ ಬಂದ ಗಿಲ್ಬರ್ಟ್ ಫೌಲರ್ ಮ್ಯಾಂಚೆಸ್ಟರಿನಲ್ಲಿ ಚರಂಡಿ ನೀರಿನ ಶುದ್ಧೀಕರಣದಲ್ಲಿ ಹೆಸರು ಮಾಡಿದ್ದವರು. ಇಂದು ಜಗತ್ತಿನ ನಗರಗಳೆಲ್ಲ ಬಳಸುವ ‘ಸಕ್ರಿಯ ರಾಡಿ’ ವಿಧಾನ 1914ರಲ್ಲಿ ಹೊರಬಂದದ್ದು ಅವರ ಪ್ರೇರಣೆಯಿಂದ. ಕಸದ ನೈಟ್ರೋಜನ್ ಪೋಲಾಗಬಾರದು ಎಂಬುದು ಅವರಿಗೆ ಹೆಚ್ಚುಕಡಿಮೆ ವ್ರತವೇ ಆಗಿತ್ತು. ಅವರು ಆರಂಭಿಸಿದ ಜೀವರಸಾಯನ ವಿಭಾಗಕ್ಕೆ 1930ರ ದಶಕದಲ್ಲಿ ವಿ. ಸುಬ್ರಹ್ಮಣ್ಯನ್ ಮುಖ್ಯಸ್ಥರು, ಮುಂದೆ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಮೊದಲ ನಿರ್ದೇಶಕರಾದವರು ಇವರೇ.

ಅಲ್ಲಿ ಕೆಲಸ ಮಾಡಿದ ಡಾ. ಸಿ.ಎನ್. ಆಚಾರ್ಯ ಭತ್ತದ ಹುಲ್ಲು ಗಾಳಿಯಿಲ್ಲದೆ ಹೇಗೆ ಕೊಳೆಯುತ್ತದೆ ಎಂಬ ಬಗ್ಗೆ 1935ರಲ್ಲೇ ಪ್ರಬಂಧಗಳ ಸರಣಿಯನ್ನು ಪ್ರಕಟಿಸಿದ್ದರು. ಹೊವಾರ್ಡ್ ಗಾಳಿಯನ್ನು ಒಳಕ್ಕೆ ತರಲು ಹೆಣಗಿದರೆ, ಆಚಾರ್ಯರ ಪ್ರಶ್ನೆ ತಿರುವುಮುರುವು: ಗಾಳಿ ಸ್ವಲ್ಪ ದಿನ ಮಾತ್ರ ಸಿಕ್ಕಿದರೆ ಸಾಲದೆ? 1939ರಲ್ಲಿ ಅವರು ಪ್ರಕಟಿಸಿದ ‘ಬಿಸಿ ಹುದುಗುವಿಕೆ’ಯ ವಿಧಾನ ಹೀಗಿದೆ. ಸುಮಾರು 1 ಮೀಟರ್ ಆಳದ ಕಂದಕ. ಕಸ ಒಂದು ಪದರ, ಮಲ ಒಂದು ಪದರ, ಮತ್ತೆ ಕಸ. ಮೇಲೆ 15ರಿಂದ 20 ಸೆಂ.ಮೀ. ದಪ್ಪ ಕಸದ ಹೊದಿಕೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯಲ್ಲಿ ಮೊದಲ ಎಂಟು-ಹತ್ತು ದಿನ ಸೂಕ್ಷ್ಮಜೀವಿಗಳು ಭರದಿಂದ ಉಸಿರಾಡುತ್ತವೆ, ಉಷ್ಣತೆ ಏರುತ್ತದೆ. ಆಮೇಲೆ ಆಕ್ಸಿಜನ್ ಮುಗಿದು, ಗಾಳಿರಹಿತ ಕೊಳೆಯುವಿಕೆ ಮಂದಗತಿಯಲ್ಲಿ ಸಾಗುತ್ತದೆ. ಮಗುಚುವಂತಿಲ್ಲ, ನೀರು ಹಾಕುವಂತಿಲ್ಲ. ರಾಶಿ ಕುಸಿದಂತೆ ಮತ್ತಷ್ಟು ತುಂಬಿ, ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವುದು. ಆರರಿಂದ ಎಂಟು ತಿಂಗಳಿಗೆ ತೆಗೆಯುವುದು. ನಮ್ಮ ‘ತಿಪ್ಪೆ ಸಾರಿಸುವುದು’ ಎಂಬ ನುಡಿಗಟ್ಟಿಗೆ ಒಳ್ಳೆಯ ಅರ್ಥವೇನೂ ಇಲ್ಲ. ಇಲ್ಲಿ ಮಾತ್ರ ತಿಪ್ಪೆ ಸಾರಿಸಿದ್ದರಿಂದಲೇ ನೊಣ ಹುಟ್ಟುವುದು ತಪ್ಪಿತು, ತೇವ ಉಳಿಯಿತು, ಅಮೋನಿಯ ಹಾರಿಹೋಗುವುದೂ ಕಡಿಮೆಯಾಯಿತು.

ಮೊದಲ ದಿನಗಳ ಆ ಬಿಸಿ ಇಲ್ಲಿ ಜೀವನ್ಮರಣದ ಪ್ರಶ್ನೆ. ಮಲದಲ್ಲಿ ಜಂತುಹುಳುವಿನ ಮೊಟ್ಟೆಗಳು, ಟೈಫಾಯ್ಡ್, ಆಮಶಂಕೆಯ ರೋಗಾಣುಗಳು ಇರುತ್ತವೆ. 55-60 ಡಿಗ್ರಿ ಉಷ್ಣತೆಯಲ್ಲಿ ಅವು ಬಹುಕಾಲ ಬದುಕಲಾರವು. ಬಿಸಿ ತಲಪದ ಅಂಚಿನ ಭಾಗಗಳಿಗೆ ಕಾಲವೇ ಮದ್ದು, ಆರು ತಿಂಗಳ ಕಾಯುವಿಕೆ ಅದಕ್ಕೇ. 1956ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಾಲ್ಡ್ ಗೋಟಾಸ್ ಅವರಿಂದ ಬರೆಸಿದ ಕಾಂಪೋಸ್ಟ್ ಗ್ರಂಥದಲ್ಲಿ ಇಂದೋರಿನ ಜೊತೆ ಬೆಂಗಳೂರಿಗೂ ಸ್ಥಾನ ಸಿಕ್ಕಿದ್ದು ಈ ಆರೋಗ್ಯದ ದೃಷ್ಟಿಯಿಂದಲೇ.

ಆದರೆ ಒಂದು ವಿಷಯವನ್ನು ಚರಿತ್ರೆ ಬರೆಯುವವರು ಬಿಟ್ಟುಬಿಡುತ್ತಾರೆ. ಕಂದಕದ ವರೆಗೆ ಆ ಮಲವನ್ನು ತಂದವರು ಯಾರು? ಬಕೆಟ್ಟಿನಲ್ಲಿ, ಬುಟ್ಟಿಯಲ್ಲಿ, ತಲೆಯ ಮೇಲೆ ಹೊತ್ತು ತಂದವರು ಜಾತಿಯ ಕಾರಣದಿಂದ ಆ ಕೆಲಸಕ್ಕೆ ಕಟ್ಟುಬಿದ್ದವರು. ಆಚಾರ್ಯರ ವಿಧಾನ ಮಗುಚುವ ಕೆಲಸವನ್ನು ತಪ್ಪಿಸಿತು, ಅಷ್ಟರಮಟ್ಟಿಗೆ ಕೈಗಳನ್ನು ದೂರವಿಟ್ಟಿತು. ತುಂಬುವ ಕೆಲಸವನ್ನು ತಪ್ಪಿಸಲಿಲ್ಲ. ಕರ್ನಾಟಕದಲ್ಲಿ 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದು ಬಂದಿತು. ಮಲ ಆಧಾರಿತ ಬೆಂಗಳೂರು ವಿಧಾನ ಹಿಂದೆ ಸರಿದದ್ದಕ್ಕೆ ನಾನು ವಿಷಾದಪಡಲಾರೆ. ಪೋಷಕಾಂಶಗಳ ಚಕ್ರ ಪೂರ್ಣಗೊಳ್ಳಬೇಕು ನಿಜ, ಅದು ಒಬ್ಬರ ತಲೆಯ ಮೇಲಿನಿಂದ ಹಾದುಹೋಗಬಾರದು.

ಹೆಸರು ಹೊರಗೆ ಹೋಗಿ ಬಂದದ್ದು

1947ರ ಡಿಸೆಂಬರಿನಲ್ಲಿ, ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದಾಗ, ದೆಹಲಿಯಲ್ಲಿ ಅಖಿಲ ಭಾರತ ಕಾಂಪೋಸ್ಟ್ ಸಮ್ಮೇಳನ ನಡೆಯಿತು. ಮೀರಾ ಬೆಹೆನ್ ಅವರ ಕಲ್ಪನೆ, ರಾಜೇಂದ್ರ ಪ್ರಸಾದರ ಅಧ್ಯಕ್ಷತೆ. ಗಾಂಧೀಜಿ ‘ಹರಿಜನ’ದಲ್ಲಿ ಬರೆದ ಟಿಪ್ಪಣಿಯಲ್ಲಿ ಭಾಗವಹಿಸಿದವರ ನಡುವೆ ಡಾ. ಆಚಾರ್ಯರ ಹೆಸರಿದೆ. ಅದೇ ವರ್ಷ ಹೊವಾರ್ಡ್ ಇಂಗ್ಲೆಂಡಿನಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಹೊವಾರ್ಡರ ವಿಚಾರಗಳು ಪಶ್ಚಿಮದಲ್ಲಿ ಬೇರೆ ರೂಪ ತಾಳಿದ್ದವು. 1940ರಲ್ಲಿ ನಾರ್ತ್‌ಬೋರ್ನ್ ಎಂಬ ಲೇಖಕರು ‘ಸಾವಯವ’ ಎಂಬರ್ಥದ ಮಾತನ್ನು ಬೇಸಾಯಕ್ಕೆ ಅಂಟಿಸಿದರು. 1942ರಲ್ಲಿ ಅಮೆರಿಕದ ಜೆರೋಮ್ ರೋಡೇಲ್ ಅದೇ ಹೆಸರಿನ ಪತ್ರಿಕೆ ತೆಗೆದು ಮನೆಯಂಗಳದ ತೋಟಗಾರರಿಗೆ ಕಾಂಪೋಸ್ಟ್ ಪಾಠ ಹೇಳಿದರು. ದಶಕಗಳ ನಂತರ ಆ ಪದ ನಮ್ಮ ಅಂಗಡಿಗಳಿಗೆ ಹಸಿರು ಚೀಟಿ ಅಂಟಿಸಿಕೊಂಡು, ದುಪ್ಪಟ್ಟು ಬೆಲೆಯೊಡನೆ ಮರಳಿತು.

ಇಲ್ಲಿ ಒಂದು ಎಚ್ಚರದ ಮಾತು ಹೇಳಬೇಕು. ತಮ್ಮ ಎತ್ತುಗಳು ಕಾಲುಬಾಯಿ ಜ್ವರ ಬಂದ ದನಗಳೊಡನೆ ಮೂತಿ ತಿಕ್ಕಿದರೂ ರೋಗ ತಗಲಲಿಲ್ಲ, ಫಲವತ್ತಾದ ಮಣ್ಣಿನ ಮೇವೇ ಕಾರಣ ಎಂದು ಹೊವಾರ್ಡ್ ಬರೆದರು. ಈಗಲೂ ಸಾವಯವದ ಭಾಷಣಗಳಲ್ಲಿ ಇದು ಕೇಳಿಬರುತ್ತದೆ. ಇದು ಅವಲೋಕನ, ಪ್ರಯೋಗವಲ್ಲ. ಬೇರೆ ಮೇವು ತಿಂದ ಎತ್ತುಗಳನ್ನು ಹೋಲಿಕೆಗೆ ಇಟ್ಟಿರಲಿಲ್ಲ. ಗುಂಡಿಯ ಉಷ್ಣತೆಯನ್ನು 90 ದಿನ ಬಿಡದೆ ಅಳೆದವರು ಎತ್ತಿನ ವಿಷಯದಲ್ಲಿ ಅಷ್ಟು ಬೇಗ ತೀರ್ಮಾನಕ್ಕೆ ಬಂದದ್ದು ಆಶ್ಚರ್ಯ. ಹಾಗೆಯೇ, ಬೇರು ಹೀರುವ ನೈಟ್ರೇಟ್ ಅಯಾನು ಗುಂಡಿಯಿಂದ ಬಂದರೂ ಕಾರ್ಖಾನೆಯಿಂದ ಬಂದರೂ ಒಂದೇ. ಯೂರಿಯದಲ್ಲಿ ಶೇಕಡಾ 46 ನೈಟ್ರೋಜನ್. ಒಳ್ಳೆಯ ಕಾಂಪೋಸ್ಟಿನಲ್ಲಿ ಶೇಕಡಾ 1ರ ಆಸುಪಾಸು. ದೇಶಕ್ಕೆ ಅನ್ನವಿಕ್ಕುವ ಲೆಕ್ಕದಲ್ಲಿ ಈ ಅಂತರವನ್ನು ಕಡೆಗಣಿಸುವಂತಿಲ್ಲ. ಆದರೆ ಯೂರಿಯ ಮಣ್ಣಿನ ಕಣಗಳನ್ನು ಹೆಣೆಯಲಾರದು, ನೀರನ್ನು ಹಿಡಿದಿಡಲಾರದು, ಎರೆಹುಳುವಿಗೆ ಉಣಿಸಲಾರದು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ತಾರಸಿಯ ಕುಂಡ ಎಷ್ಟು ಬೇಗ ಒಣಗುತ್ತದೆ ಎಂದು ನೋಡಿದವರಿಗೆ ಹ್ಯೂಮಸ್ಸಿನ ಬೆಲೆ ಗೊತ್ತು. ನಾಲ್ಕು ಮಡಿ ಸೊಪ್ಪಿಗೆ ಬೇಕಾದ ನೈಟ್ರೋಜನ್ ಎಷ್ಟು ಮಹಾ? ಕೈತೋಟದ ಮಟ್ಟಿಗೆ ಕಾಂಪೋಸ್ಟ್ ಎರಡೂ ಕೆಲಸವನ್ನು ಮಾಡಿಕೊಡುತ್ತದೆ.

ತಣ್ಣನೆಯ ದಾರಿ

ಬೆಂಗಳೂರಿನಲ್ಲಿ ನಗರದ ಕಸದಿಂದ ಗೊಬ್ಬರ ಮಾಡಲು 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಊರ ಹೊರಗಿದ್ದ ಅದರ ಘಟಕದ ಸುತ್ತ ಊರೇ ಬೆಳೆಯಿತು, ವಾಸನೆಯ ದೂರುಗಳೂ ಬೆಳೆದವು. ಹಸಿ ಕಸ, ಒಣ ಕಸ ಬೆರೆಸಿ ಸಾಗಿಸಿದ ಕಸವನ್ನು ಸುರಿಸಿಕೊಂಡ ಹಳ್ಳಿಗಳು ಸಿಡಿದೆದ್ದವು. 2012ರಲ್ಲಿ ಮಾವಳ್ಳಿಪುರ, 2014ರಲ್ಲಿ ಮಂಡೂರು ಬಾಗಿಲು ಹಾಕಿದವು. ಸಿಪ್ಪೆಯನ್ನು ಮನೆಯಲ್ಲೇ ಗೊಬ್ಬರ ಮಾಡಿ ಎಂಬ ಕೂಗು ಎದ್ದದ್ದು ಆಮೇಲೆ. ಆದ್ದರಿಂದ ನಿಮ್ಮ ಡಬ್ಬಿ ಕೊತ್ತಂಬರಿ ಮಡಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅದು ಮುಚ್ಚಳ ತೆರೆದರೆ ನಾರುವಂತಿದ್ದು ನೀವು ಬೇಸತ್ತು ಕೈಬಿಟ್ಟರೆ, ಆ ಸಿಪ್ಪೆ ಮತ್ತೊಂದು ಹಳ್ಳಿಯ ಬಾಗಿಲಿಗೆ ಹೋಗುತ್ತದೆ.

ಡಬ್ಬಿ ಬಿಸಿಯಾಗದು ಎಂದ ಮೇಲೆ ಏನು ಮಾಡಬೇಕು? ಉತ್ತರವೂ ಬೆಂಗಳೂರಿನಲ್ಲೇ ಇದೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಕಾಳೆ ಮತ್ತು ಸಹೋದ್ಯೋಗಿಗಳು ಸಾವಯವ ತ್ಯಾಜ್ಯಗಳನ್ನು ಎರೆಹುಳುಗಳಿಂದ ಗೊಬ್ಬರ ಮಾಡಿಸುವ ಅಧ್ಯಯನ ನಡೆಸಿದರು. ನಮ್ಮದೇ ನೆಲದ ಪೆರಿಯೋನಿಕ್ಸ್ ಜಾತಿಯ ಹುಳುವಿನ ಮೇಲಿನ ಅವರ ಪ್ರಬಂಧ 1982ರಲ್ಲಿ ಹೊರಬಂತು. ಹುಳುವಿಗೆ 35 ಡಿಗ್ರಿ ದಾಟಿದ ಬಿಸಿ ಸಹಿಸದು. ಹೊವಾರ್ಡ್, ಆಚಾರ್ಯರ ಗುಂಡಿಯಲ್ಲಿ ಅದು ಬೆಂದುಹೋದೀತು. ನಿಮ್ಮ ಪುಟ್ಟ ತೊಟ್ಟಿಯಲ್ಲಿ ಸುಖವಾಗಿರುತ್ತದೆ. ಯಾವ ಮೇಲ್ಮೈ ಶಾಖವನ್ನು ಸೋರಿಸಿ ಕಾಂಪೋಸ್ಟನ್ನು ಕೆಡಿಸುತ್ತಿತ್ತೋ ಅದೇ ಮೇಲ್ಮೈ ಈಗ ಗಾಳಿಯನ್ನೂ ತಂಪನ್ನೂ ಒದಗಿಸುತ್ತದೆ. ನೆರಳಲ್ಲಿಡಿ, ಪ್ರತಿ ಹಿಡಿ ಸಿಪ್ಪೆಗೆ ಅಷ್ಟೇ ಗಾತ್ರದ ಒಣ ಎಲೆ ಅಥವಾ ಹರಿದ ಕಾಗದ ಹಾಕಿ. ನಾರಿದರೆ ಒಣ ವಸ್ತು ಸಾಲದೆಂದೂ ಇರುವೆ ಬಂದರೆ ತೇವ ಸಾಲದೆಂದೂ ತಿಳಿಯಿರಿ. ಒಂದು ನಿಯಮ ಮಾತ್ರ ಕಟ್ಟುನಿಟ್ಟು: ತಣ್ಣನೆಯ ತೊಟ್ಟಿಗೆ ನಾಯಿ, ಬೆಕ್ಕಿನ ಹೇಲನ್ನಾಗಲಿ, ರೋಗ ಬಂದು ಕಿತ್ತ ಗಿಡವನ್ನಾಗಲಿ ಹಾಕಬೇಡಿ. ಅಲ್ಲಿ ರೋಗಾಣುವನ್ನು ಕೊಲ್ಲುವ ಬಿಸಿ ಇಲ್ಲ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನ, ಮೂಲಂಗಿ ಬೆಳೆಯುವವರಿಗೆ ಇದು ಇನ್ನೂ ಮುಖ್ಯ.

ಬಿಸಿ ಗೊಬ್ಬರವೇ ಬೇಕೆಂದರೆ ನೆರೆಹೊರೆಯವರನ್ನು ಸೇರಿಸಿಕೊಳ್ಳಬೇಕು. ಒಂದು ಮನೆಯಲ್ಲಿ ದಿನಕ್ಕೆ ಮುಕ್ಕಾಲು ಕಿಲೊ ಹಸಿ ಕಸ ಎಂದಿಟ್ಟುಕೊಂಡರೆ ನಲವತ್ತು ಮನೆಗಳಿಂದ ಎರಡು ವಾರದಲ್ಲಿ ಅರ್ಧ ಟನ್ನಿಗೆ ಹತ್ತಿರ ಬರುತ್ತದೆ. ಬಡಾವಣೆಯ ಉದ್ಯಾನದ ತರಗೆಲೆ ಸೇರಿಸಿದರೆ 1 ಘನ ಮೀಟರಿನ ತೊಟ್ಟಿ ತುಂಬಲು ಅಷ್ಟು ಸಾಕು. ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಿ, ತುಂಬಿದ ಮೂರನೆಯ ದಿನ ರಾಶಿಯ ನಡುವಿಗೆ ಉದ್ದನೆಯ ಕಡ್ಡಿ ಉಷ್ಣತಾಮಾಪಕವನ್ನು ಇಳಿಬಿಡಿ. 55 ಡಿಗ್ರಿ ದಾಟಿದ್ದರೆ ಹಾಗೆಯೇ ಬಿಡಿ. ಏರದೆ ನಿಂತಿದ್ದರೆ ಒಂದು ಬುಟ್ಟಿ ಹಸಿ ಸಗಣಿಯನ್ನೋ ಗಂಜಲದ ಮಣ್ಣನ್ನೋ ಬೆರೆಸಿ ಮಗುಚಿ. ಏರಿದ್ದು ಇಳಿಯತೊಡಗಿದಾಗ ಇನ್ನೊಮ್ಮೆ ಮಗುಚಿದರೆ ಹೊರ ಅಂಚಿನ ಕಸ ಒಳಕ್ಕೆ ಬಂದು ಉಷ್ಣತೆ ಮತ್ತೆ ಏರುತ್ತದೆ. ಪ್ರತಿದಿನದ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ತೊಟ್ಟಿಗೆ ಅಂಟಿಸಿಡಿ. ಬಡಾವಣೆಯ ಮಕ್ಕಳು ಅದರ ಆಲೇಖ ಎಳೆಯಲಿ.